ದುರ್ಗದ ಸೆರೆಯಾಳುಗಳೂ ನಮ್ಮ ಸ್ಮಾರಕಗಳೂ

ಚಿತ್ರದುರ್ಗದ ಕೋಟೆಯನ್ನು ನೋಡಬಂದವರಿಗೆ ಓಬವ್ವನ ಕಿಂಡಿಯನ್ನು ತೋರಿಸದೆ ಕಳುಹಿಸುವವರು ನಮ್ಮಲ್ಲಿಲ್ಲ. ಕೆಳಗೆ ಪಟ್ಟಣದಲ್ಲಿ ಆ ವೀರವನಿತೆಯ ಪ್ರತಿಮೆಯೂ ಅವಳ ಹೆಸರಿನ ಕ್ರೀಡಾಂಗಣವೂ ಇವೆ. ಮದಕರಿನಾಯಕನ ಪ್ರತಿಮೆಯೂ ಉಂಟು. ಇವೆಲ್ಲವೂ ಯುಕ್ತವೇ. ಆದರೆ ಕೋಟೆ ಬಿದ್ದ ಮೇಲೆ ಊರಿನ ಜನರ ಗತಿಯೇನಾಯಿತೆಂದು ಕೇಳುವ ಬಾಲಕನಿಗೆ ಬೆರಳಿಟ್ಟು ತೋರಿಸುವಂತಹ ಒಂದು ಕಲ್ಲನ್ನು ನಾವು ಕಂಡಿಲ್ಲ.

1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ನಾಯಕನೂ ಅವನ ಪರಿವಾರದವರೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದದ್ದನ್ನು ಎಲ್ಲರೂ ಬಲ್ಲರು. ಅವರ ಹಿಂದೆ ಹೋದವರನ್ನು ನೆನೆಯುವವರು ವಿರಳ. ಬೇಡಪಡೆಯ ಬಲವನ್ನು ಬುಡದಲ್ಲಿಯೇ ಮುರಿಯಬೇಕೆಂದು ಹೈದರನು ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಬೇರ್ಪಡಿಸಿ, ಮತಾಂತರಗೊಳಿಸಿ, ಕವಾಯತು ಕಲಿಸಿ ‘ಚೇಲಾ’ ಪಟಾಲಮುಗಳನ್ನು ಕಟ್ಟತೊಡಗಿದನೆಂದೂ ಮಾರ್ಕ್ ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ವಿಲ್ಕ್ಸನು ಕಂಪೆನಿಯ ಪರವಾಗಿ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು, ಹೈದರನ ವೈರಿಗಳ ಪಕ್ಷದವನು. ಅವನ ಅಂಕಿಯನ್ನು ತಲೆಯೆಣಿಸಿದ ಲೆಕ್ಕವೆಂದು ಹಿಡಿಯಲಾಗದು. ಅರ್ಧಕ್ಕರ್ಧ ಕಳೆದರೂ ಉಳಿಯುವುದು ಒಂದು ಊರಿನಷ್ಟು ಜನ. ಚೇಲಾ ಎಂದರೆ ಶಿಷ್ಯ. ಹೆತ್ತವರಿಂದ ಕಿತ್ತು ತಂದ ಮಗುವಿಗೆ ಈ ಹೆಸರು! ಗುಲಾಮನೆಂಬ ಮಾತನ್ನಾಡಲು ನಾಚುವ ಅರಸರಿಗೆ ಸೌಮ್ಯಪದಗಳ ಬಡತನವೆಂದೂ ಇರಲಿಲ್ಲ.

ಇಲ್ಲಿ ಮತ್ತೊಂದು ಸಂಗತಿಯುಂಟು. ಗೆದ್ದ ದುರ್ಗದ ಆಡಳಿತಕ್ಕೆಂದು ಹೈದರನು ಆರಿಸಿದ ಶೇಖ್ ಆಯಾಜನು ತಾನೇ ಇಂತಹ ಸೆರೆಯಾಳು. ಮಲೆಯಾಳದ ದಂಡಯಾತ್ರೆಯಲ್ಲಿ ಹಿಡಿದು ತಂದ ನಾಯರ್ ಹುಡುಗ. ಮತಾಂತರಗೊಂಡು ಒಡೆಯನ ಅಚ್ಚುಮೆಚ್ಚಿನವನಾದನು. ತನಗೆ ಓದುಬರಹ ಬಾರದೆಂದು ಅವನು ಹಿಂಜರಿದಾಗ, ಬಲಗಡೆಯಲ್ಲಿ ಒಂದು ಚಾಟಿಯನ್ನಿರಿಸಿಕೊಂಡರೆ ಲೇಖನಿಗಿಂತ ಹೆಚ್ಚು ಕೆಲಸವಾಗುವುದೆಂದೂ, ತಾನು ಅಕ್ಷರವರಿಯದೆಯೇ ರಾಜ್ಯ ಸಂಪಾದಿಸಲಿಲ್ಲವೇ ಎಂದೂ ಹೈದರನು ಧೈರ್ಯ ಹೇಳಿದನೆಂದು ವಿಲ್ಕ್ಸನ ಕಥನ. ಮುಂದೆ ಬಿದನೂರಿನ ಅಧಿಕಾರಿಯಾಗಿ, ಟಿಪ್ಪುವಿಗೆ ಅಂಜಿ, 1783ರಲ್ಲಿ ಆ ನಗರವನ್ನು ಇಂಗ್ಲಿಷರಿಗೊಪ್ಪಿಸಿದವನೂ ಈ ಆಯಾಜನೇ. ಮಕ್ಕಳನ್ನು ಕಳೆದುಕೊಂಡ ಊರಿಗೆ, ತಾಯ್ತಂದೆಗಳನ್ನು ಕಳೆದುಕೊಂಡವನು ಅಧಿಕಾರಿ. ಇವನನ್ನು ದೂಷಿಸಬೇಕೋ ಮರುಗಬೇಕೋ ಎಂಬುದು ಈ ಲೇಖಕನಿಗೆ ಇನ್ನೂ ಬಗೆಹರಿದಿಲ್ಲ.

ದುರ್ಗದವರನ್ನು ಒಯ್ದಿರಿಸಿದ ಆ ದ್ವೀಪದಲ್ಲಿಯೇ ಹೈದರನ ಸಮಾಧಿಯಾದ ಗುಂಬಜ್ ಇದೆ. ಟಿಪ್ಪುವು ತಂದೆಗೆಂದು ಕಟ್ಟಿಸಿದ ಸುಂದರ ಮಂದಿರ. ದಂತದ ಕೆತ್ತನೆಯ ಕರಿಮರದ ಬಾಗಿಲುಗಳನ್ನು ಕೊಡಿಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ಅದನ್ನು ಯಾರೂ ಮುಟ್ಟಬೇಕಾಗಿಲ್ಲ. ಸಮಾಧಿಯೊಡನೆ ಜಗಳವಾಡುವುದು ಮನುಷ್ಯಲಕ್ಷಣವಲ್ಲ. ಹೈದರನು ಆಫ್ರಿಕದ ಕರಾವಳಿಯ ವರ್ತಕರಂತೆ ಮನುಷ್ಯರನ್ನು ತೂಗಿ ಮಾರಿದವನೂ ಅಲ್ಲ. ಸೆರೆಹಿಡಿದು ಒಯ್ಯುವುದು ಆ ಕಾಲದ ದಂಡುಗಳಿಗೆಲ್ಲ ಸಾಮಾನ್ಯವಾಗಿತ್ತು. ಕಂಪೆನಿಯ ಕೈಸೇರಿದ ದಕ್ಷಿಣ ಕನ್ನಡದಲ್ಲಿ ಆಳುಗಳನ್ನು ಬೆಲೆಕಟ್ಟಿ ಮಾರುವುದನ್ನೂ ಒತ್ತೆಯಿಡುವುದನ್ನೂ 1801ರಲ್ಲಿ ಬುಕಾನನ್ನನು ವಿವರಿಸಿದ್ದಾನೆ. ಅಂತಹ ಒಡೆತನವನ್ನು ನ್ಯಾಯಸ್ಥಾನಗಳು ಮನ್ನಿಸಬಾರದೆಂಬ ಕಾಯಿದೆ ಬಂದದ್ದು 1843ರಲ್ಲಿ. ಇದನ್ನು ಒಂದು ಮತದವರ ಮೇಲಿನ ಆರೋಪಪಟ್ಟಿಯಾಗಿ ಮಾಡಹೊರಟವರು ಸೆರೆಯಾಳುಗಳ ಹೆಸರಿನಲ್ಲಿ ಬೇರೆ ಕೆಲಸ ಸಾಧಿಸಹೊರಟವರು. ಟಿಪ್ಪುವಿನ ಜಯಂತಿಯನ್ನು ಸರ್ಕಾರವು 2015ರಲ್ಲಿ ಆರಂಭಿಸಿ 2019ರಲ್ಲಿ ನಿಲ್ಲಿಸಿತು. ಎರಡರಿಂದಲೂ ದುರ್ಗದ ಆ ಮಕ್ಕಳಿಗೆ ಏನೂ ದೊರೆಯಲಿಲ್ಲ.

ಗುಲಾಮರ ವ್ಯಾಪಾರಿಗೇ ಪ್ರತಿಮೆ ನಿಲ್ಲಿಸಿಕೊಂಡಿದ್ದ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಅನುಭವವನ್ನು ಇಲ್ಲಿ ನೆನೆಯಬಹುದು. 1721ರಲ್ಲಿ ಸತ್ತ ಎಡ್ವರ್ಡ್ ಕೋಲ್‌ಸ್ಟನ್ನನಿಗೆ 1895ರಲ್ಲಿ ಅಲ್ಲಿಯವರು ಪ್ರತಿಮೆಯೆತ್ತಿದರು. ಪೀಠದ ಬರಹದಲ್ಲಿ ದಾನಧರ್ಮದ ಸ್ತುತಿಯೇ ಹೊರತು ಅವನ ಹಡಗುಗಳ ಸುದ್ದಿಯಿಲ್ಲ. ನಿಜವನ್ನು ಹೇಳುವ ಫಲಕವೊಂದನ್ನು ಸೇರಿಸಬೇಕೆಂದು ಹೊರಟಾಗ, ಸತ್ತವರೆಷ್ಟು, ಮಕ್ಕಳೆಷ್ಟು, ಯಾವ ಪದವಿರಬೇಕು ಎಂದು ವಾದ ಬೆಳೆದು, 2019ರಲ್ಲಿ ಫಲಕವು ನಿಂತುಹೋಯಿತು. 2020ರ ಜೂನ್ 7ರಂದು ಜನರು ಹಗ್ಗ ಬಿಗಿದು ಪ್ರತಿಮೆಯನ್ನು ಕೆಡವಿ ಬಂದರಿನ ನೀರಿಗೆ ನೂಕಿದರು. ಈಗದು ಬಣ್ಣ ಮೆತ್ತಿಕೊಂಡೇ ವಸ್ತುಸಂಗ್ರಹಾಲಯದಲ್ಲಿ ಮಲಗಿದೆ. ನಮ್ಮ ಬೆಂಗಳೂರಿನಲ್ಲಿಯೂ 1791ರ ಮುತ್ತಿಗೆಯಲ್ಲಿ ಮಡಿದ ಕಂಪೆನಿಯವರ ಸ್ತಂಭವನ್ನು 1964ರಲ್ಲಿ ಕೆಡವಿಸಿದರು. ಅದು ಪರರ ಜಯಸ್ತಂಭ, ಹೋದುದಕ್ಕೆ ಅಳುವವರಿಲ್ಲ; ಆದರೆ ಆ ಮುತ್ತಿಗೆಯಲ್ಲಿ ಮಡಿದ ನಮ್ಮವರನ್ನು ಅಲ್ಲಿ ಕೆತ್ತಿಸಿದ್ದರೆ ಎಷ್ಟು ಚೆನ್ನಾಗಿತ್ತು! ಮದರಾಸಿನ ಕೋಟೆಯಲ್ಲಿರುವ ಕಾರ್ನ್‌ವಾಲಿಸನ ಪ್ರತಿಮೆಯ ಪೀಠದಲ್ಲಾದರೋ ಟಿಪ್ಪುವಿನ ಇಬ್ಬರು ಬಾಲಕರನ್ನು ಒತ್ತೆಯಾಳಾಗಿ ಒಪ್ಪಿಸಿಕೊಂಡ ದೃಶ್ಯವನ್ನೇ ಕೆತ್ತಿದ್ದಾರೆ. ಪರರ ಮಕ್ಕಳನ್ನೊಯ್ದುದೂ ಕೀರ್ತಿಯೇ ಆಯಿತು.

ಕಲ್ಲಿನಲ್ಲಿ ಬರೆಯುವುದು ನಮಗೆ ಹೊಸತಲ್ಲ. ತುರುಗೋಳಿನಲ್ಲಿ, ಪೆಣ್ಬುಯ್ಯಲಿನಲ್ಲಿ ಕಾದಿ ಮಡಿದವನಿಗೆ ವೀರಗಲ್ಲು ನೆಡುತ್ತಿದ್ದೆವು. ಅಲ್ಲಿಯೂ ಕಾದವನಿಗೆ ಹೆಸರುಂಟು, ಒಯ್ಯಲ್ಪಟ್ಟವಳಿಗಿಲ್ಲ. ಆ ಕೊರತೆಯನ್ನು ನಾವು ತುಂಬಬಹುದು. ದುರ್ಗದ ಕೆಳಕೋಟೆಯ ಬಾಗಿಲಿನ ಬಳಿ ಒಂದು ಕಲ್ಲು, ಗುಂಬಜಿನ ತೋಟದ ಹೊರಗೆ ಅದೇ ಒಕ್ಕಣೆಯ ಮತ್ತೊಂದು. ಒಕ್ಕಣೆಯನ್ನು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳವರೂ ಕೂಡಿ ಕುಳಿತು ತೀರ್ಮಾನಿಸಲಿ; ನಾಯಕರ ಸೀಮೆ ಅವರದೂ ಆಗಿತ್ತು. ‘ಚೇಲಾ’ ಎಂಬುದರ ಪಕ್ಕದಲ್ಲಿ ಸೆರೆಯಾಳು ಎಂದು ಬಿಡಿಸಿ ಬರೆಯಬೇಕು. 20,000 ಎಂಬುದರ ಮುಂದೆ ವಿಲ್ಕ್ಸನ ಹೆಸರಿರಬೇಕು. ಬೈಗುಳ ಬೇಡ, ಬಿರುದೂ ಬೇಡ. ಕೆಳಗೆ ಜಾಗ ಉಳಿದರೆ, ಮಲೆಯಾಳದಿಂದ ಬಂದ ಆ ಹುಡುಗನಿಗೂ ಒಂದು ಸಾಲು.