ಅರವತ್ತನಾಲ್ಕು ಜನರ ಒಂದು ರೂಪಾಯಿ

ಅರವತ್ತನಾಲ್ಕು ಪೈಸೆ ಕೂಡಿದರೆ ಒಂದು ರೂಪಾಯಿ ಆಗುತ್ತಿದ್ದ ಕಾಲವದು. ತಲೆಗೊಂದು ಪೈಸೆ ವಂತಿಗೆ ಎತ್ತಿ ಸ್ವದೇಶಿ ಕೈಗಾರಿಕೆ ಕಟ್ಟುತ್ತೇನೆಂದು ಅಂತಾಜಿ ದಾಮೋದರ ಕಾಳೆ ಹೊರಟರು. ನೂರು ರೂಪಾಯಿ ಕೂಡಿಸಬೇಕಾದರೆ 6,400 ಮಂದಿಯನ್ನು ಕೇಳಬೇಕು. ಬಾಲಗಂಗಾಧರ ತಿಲಕರು ಅವರ ಬೆನ್ನಿಗೆ ನಿಂತರು. 1908ರಲ್ಲಿ, ಪುಣೆಯಿಂದ ಮುಂಬೈಗೆ ಹೋಗುವ ರೈಲುದಾರಿಯ ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಶುರುವಾಯಿತು. ಜಪಾನ್ ಮತ್ತು ಅಮೆರಿಕಕ್ಕೆ ಹೋಗಿ ಕಲಿತು ಬಂದಿದ್ದ ಈಶ್ವರದಾಸ್ ವಾರ್ಷ್ಣೇಯ ಅದರ ಹೊಣೆ ಹೊತ್ತರು.

ಪೈಸೆ ಕೊಟ್ಟವರಿಗೆ ಷೇರು ಸಿಗಲಿಲ್ಲ, ಬಳೆಯೂ ಸಿಗಲಿಲ್ಲ. ಆದರೆ ಕಾರ್ಖಾನೆಯಲ್ಲಿ ಹುಡುಗರು ಗಾಜಿನ ಕೆಲಸ ಕಲಿತರು. ಮರಳು, ಸೋಡಾ, ಸುಣ್ಣ ಎಷ್ಟೆಷ್ಟು ಬೇಕೆಂದು ಪುಸ್ತಕ ಹೇಳಬಲ್ಲದು. ಕುಲುಮೆಯಿಂದ ಎತ್ತಿದ ಮುದ್ದೆ ಊದುಕೊಳವೆಯ ತುದಿಯಲ್ಲಿ ಯಾವ ಗಳಿಗೆಯಲ್ಲಿ ಊದಲು ಹದವಾಗುತ್ತದೆ ಎಂಬುದು ಕಣ್ಣಿಗೂ ಉಸಿರಿಗೂ ಬರಬೇಕಾದ ವಿದ್ಯೆ. ಜನರ ಚಿಲ್ಲರೆ ಕಾಸು ಕೊಂಡದ್ದು ಈ ಹದವನ್ನು. ಹೊಸ ಯಂತ್ರಗಳಿಗೆಂದು ಜನ ಹಣ ಕೊಡುವ ಇಂದಿನ ರೂಢಿಯ ಚರಿತ್ರೆಯನ್ನು ಪುಣೆಯ ಮಟ್ಟಿಗೆ ನಾನು ತಳೇಗಾಂವದಿಂದಲೇ ಎಣಿಸುತ್ತೇನೆ.

ಅಲ್ಲಿಂದ ಮುಂದೆ ಈ ಸೀಮೆಯಲ್ಲಿ ಹವ್ಯಾಸಿ ತಂತ್ರಜ್ಞಾನ ಬೆಳೆದದ್ದು ಹೆಚ್ಚಾಗಿ ಸಂಘಗಳ ಆಸರೆಯಲ್ಲಿ. 1944ರಲ್ಲಿ ಹುಟ್ಟಿದ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಆಕಾಶ ನೋಡುವವರನ್ನು ಒಟ್ಟುಗೂಡಿಸಿತು. 1983ರಲ್ಲಿ ಡಾ. ಎಸ್. ಎಸ್. ಕಲಬಾಗ್ ಹಿಂದುಸ್ತಾನ್ ಲಿವರ್ ಕಂಪನಿಯ ಸಂಶೋಧನೆಯ ಕೆಲಸ ಬಿಟ್ಟು, ಶಿರೂರು ತಾಲ್ಲೂಕಿನ ಪಾಬಳದಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಶಾಲೆ ಬಿಟ್ಟ ಮಕ್ಕಳು ಬೆಸುಗೆ ಹಾಕುತ್ತ, ಅಂತರ್ಜಲ ಹುಡುಕುತ್ತ, ಗುಮ್ಮಟದಂಥ ಮನೆ ಕಟ್ಟುತ್ತ ಕಲಿಯುವ ಜಾಗ ಅದು. ಊರಿಗೆ ಬೇಕಾದ ಕೆಲಸವನ್ನೇ ಪಾಠ ಮಾಡಿಕೊಂಡರು. 2002ರಲ್ಲಿ ಅಮೆರಿಕದ ಎಂಐಟಿಯ ನೀಲ್ ಗರ್ಶೆನ್‌ಫೆಲ್ಡ್ ಅವರ ಫ್ಯಾಬ್ ಲ್ಯಾಬ್, ಅಂದರೆ ಬೇಕಾದ ವಸ್ತುವನ್ನು ತಾವೇ ತಯಾರಿಸಿಕೊಳ್ಳುವ ಪ್ರಯೋಗಶಾಲೆ, ಅಲ್ಲಿಗೆ ಬಂತು. ಅಮೆರಿಕದ ಹೊರಗೆ ಮೊದಲು ತೆರೆದ ಇಂಥ ಪ್ರಯೋಗಶಾಲೆಗಳ ಸಾಲಿಗೆ ಸೇರಿದ್ದು ಯಾವುದೋ ಮಹಾನಗರವಲ್ಲ, ಬರಡು ನೆಲದ ಈ ಹಳ್ಳಿ. ಹಾಲಿನ ಗುಣಮಟ್ಟ ಅಳೆಯುವುದು ಹೇಗೆ, ಡೀಸೆಲ್ ಎಂಜಿನನ್ನು ಹದಗೊಳಿಸುವುದು ಹೇಗೆ ಎಂಬ ರೈತರ ಪ್ರಶ್ನೆಗಳು ಅಲ್ಲಿ ಸರ್ಕ್ಯೂಟ್‌ಗಳಾದವು.

ಅದೇ ಹೊತ್ತಿಗೆ, 2003ರಿಂದ, ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳ ವಿಜ್ಞಾನ ಸಂಸ್ಥೆ ಅಯುಕಾದ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಕಸದಿಂದ ಆಟಿಕೆ ಮಾಡಿಸುತ್ತಿದ್ದರು. ಆ ಕೇಂದ್ರದ ಹಿಂದೆ ಮರಾಠಿ ಲೇಖಕ ಪು. ಲ. ದೇಶಪಾಂಡೆ ಅವರ ಪ್ರತಿಷ್ಠಾನದ ದಾನವಿತ್ತು. ಗುಪ್ತಾ ಅವರ ಮೋಟರು ಮಾಡಲು ಒಂದು ಸೆಲ್, ಸೈಕಲ್ ಟ್ಯೂಬಿನ ಒಂದು ಪಟ್ಟಿ, ಎರಡು ಪಿನ್ನು, ಒಂದು ಅಯಸ್ಕಾಂತ, ಲೇಪನವಿರುವ ಒಂದು ಮೀಟರು ತಾಮ್ರದ ತಂತಿ ಸಾಕು. ತಂತಿಯನ್ನು ಸುರುಳಿ ಸುತ್ತಿ ಎರಡು ತುದಿಗಳ ಮೇಲಿನ ಲೇಪನವನ್ನು ಬ್ಲೇಡಿನಿಂದ ಹೆರೆಯಬೇಕು, ಆದರೆ ಸುತ್ತಲೂ ಹೆರೆಯಬಾರದು. ಒಂದು ಮಗ್ಗುಲಲ್ಲಿ ಲೇಪನ ಉಳಿಯಬೇಕು. ಪ್ರತಿ ಸುತ್ತಿನಲ್ಲಿ ಆ ಮಗ್ಗುಲು ಪಿನ್ನಿಗೆ ತಗುಲಿದಾಗ ವಿದ್ಯುತ್ತು ಕಡಿದು, ಸುರುಳಿ ಹಿಂದಕ್ಕೆ ಎಳೆಸಿಕೊಳ್ಳದೆ ಮುಂದಕ್ಕೆ ಹೊರಳುತ್ತದೆ. ಪೂರ್ತಿ ಹೆರೆದವರ ಮೋಟರು ತುಯ್ದಾಡಿ ನಿಲ್ಲುತ್ತದೆ. ನನ್ನದೂ ಮೊದಲ ಸಲ ನಿಂತಿತ್ತು.

ಈ ನೆಲಕ್ಕೆ ಕ್ರೌಡ್‌ಫಂಡಿಂಗ್, ಅಂದರೆ ಜನರಿಂದ ಹಣ ಕೂಡಿಸುವುದು, ಎಂಬ ಹೊಸ ಮಾತು ಇಂಟರ್ನೆಟ್ಟಿನ ಮೂಲಕ ಬಂತು. 2008ರಲ್ಲಿ ಇಂಡಿಗೋಗೋ, 2009ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣಗಳು ಹುಟ್ಟಿದವು. 2012ರಲ್ಲಿ ಪೆಬಲ್ ಎಂಬ ಕೈಗಡಿಯಾರಕ್ಕೆ 68,929 ಮಂದಿ ಒಂದು ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟಾಗ ಪುಣೆಯ ಹಿಂಜವಡಿ, ಖರಾಡಿಯ ಐಟಿ ಕಚೇರಿಗಳಲ್ಲಿ ಊಟದ ಹೊತ್ತಿಗೆ ಅದೇ ಮಾತು. ನಮ್ಮ ಕಡೆ ಗಣಪತಿಗೆ ಪಟ್ಟಿ ಎತ್ತುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಅದೇ ಸುಮಾರಿಗೆ ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ ನೂರಹತ್ತು ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ಕನ್ನಡದಲ್ಲೂ ಇದು ಆಗುವ ಮಾತೆಂದು ತೋರಿಸಿದರು.

ಆದರೆ ಪಟ್ಟಿಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ಪಟ್ಟಿ ಕೊಟ್ಟವನು ಪೆಂಡಾಲಿಗೆ ಹೋಗಿ ನೋಡಬಹುದು. ಇಲ್ಲಿ ನೋಡಲು ಸಿಗುವುದು ಒಂದು ವಿಡಿಯೊ ಮಾತ್ರ. 2012ರ ಸೆಪ್ಟೆಂಬರಿನಲ್ಲಿ ಕಿಕ್‌ಸ್ಟಾರ್ಟರ್ ತಾನು ಅಂಗಡಿಯಲ್ಲವೆಂದು ಸಾರಿ, ಕಂಪ್ಯೂಟರಿನಲ್ಲಿ ಬಿಡಿಸಿದ ಥಳಕಿನ ಚಿತ್ರಗಳನ್ನು ಯಂತ್ರಗಳ ಯೋಜನೆಗಳಿಗೆ ನಿಷೇಧಿಸಿತು. ಅಷ್ಟಾದರೂ ವೇಲ್ಸ್‌ನ ಜಾನೊ ಎಂಬ ಪುಟ್ಟ ಡ್ರೋನು 12,000ಕ್ಕೂ ಹೆಚ್ಚು ಮಂದಿಯಿಂದ 23 ಲಕ್ಷ ಪೌಂಡು ಪಡೆದು 2015ರಲ್ಲಿ ನೆಲಕಚ್ಚಿತು. ಅದೇ ವರ್ಷ ಸಂಶೋಧಕ ಈಥನ್ ಮೊಲಿಕ್ ನಡೆಸಿದ ಅಧ್ಯಯನದಂತೆ ಕಿಕ್‌ಸ್ಟಾರ್ಟರಿನಲ್ಲಿ ಹಣ ಪಡೆದ ಯೋಜನೆಗಳಲ್ಲಿ ನೂರಕ್ಕೆ 9 ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.

ಆ ಒಂಬತ್ತರ ಪಾಲಿಗೆ ನಾನೂ ಸೇರಿದವನು. ಬಾಲ್ಕನಿಯ ಗಿಡಗಳಿಗೆ ಗಾಳಿಯ ಶಾಖ, ತೇವ ಬರೆದಿಡುವ ಒಂದು ಉಪಕರಣಕ್ಕೆ ಹಣ ಕಟ್ಟಿ ಎರಡು ವರ್ಷ ಕಾದೆ. ಮೊದಮೊದಲು ತಿಂಗಳಿಗೊಂದು ಪತ್ರ ಬರುತ್ತಿತ್ತು, ಆಮೇಲೆ ಆರು ತಿಂಗಳಿಗೊಂದು, ಕಡೆಗೆ ಅದೂ ನಿಂತಿತು. ಹಣಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ: ಅವರು ಎಲ್ಲಿ ಎಡವಿದರು ಎಂಬುದನ್ನೂ ನಮಗೆ ತಿಳಿಸಲಿಲ್ಲ. ಆ ಸೋಲಿನಿಂದ ಯಾರೂ ಏನೂ ಕಲಿಯದ ಹಾಗಾಯಿತು.

ಭಾರತದಲ್ಲಿ ಕುಳಿತು ಬೆಂಬಲಿಸುವವರ ದಾರಿ ಇನ್ನೂ ಬಿಗಿಯಾಯಿತು. ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ಚರ್ಚೆಗೊಂದು ಕರಡು ತಂದಿತಾದರೂ ಜನಸಾಮಾನ್ಯರಿಂದ ಹೀಗೆ ಷೇರು ಹಣ ಎತ್ತಲು ಬಾಗಿಲು ತೆರೆಯಲಿಲ್ಲ. 2019ರ ಡಿಸೆಂಬರಿನಿಂದ ವಿದೇಶಿ ಪಾರ್ಸೆಲ್ಲಿಗೆ ಉಡುಗೊರೆಯ ವಿನಾಯಿತಿ ಹೋಯಿತು. 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನುಗಳ ಆಮದಿಗೇ ತಡೆ ಬಿತ್ತು. ಸುಂಕ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಎರಡು ಸಾವಿರ ರೂಪಾಯಿಯ ಬೋರ್ಡಿಗೆ ಎಷ್ಟು ಸುಂಕ ಬೀಳುತ್ತದೆಂದು ಮೊದಲೇ ತಿಳಿಯದಿದ್ದರೆ ಕಾಲೇಜಿನ ಹುಡುಗಿಯೊಬ್ಬಳು ಹೇಗೆ ಹಣ ಕಟ್ಟಲು ಮನಸ್ಸು ಮಾಡಿಯಾಳು ಎಂಬುದು ನನ್ನ ಪ್ರಶ್ನೆ.

ಉಪಕರಣ ಬರಲಿಲ್ಲವಲ್ಲ, ನಾನೇ ಮಾಡಿಕೊಳ್ಳುತ್ತೇನೆಂದು ಪುಣೆಯ ಬುಧವಾರ ಪೇಟೆಗೆ ಹೋದೆ. ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಿನ ಗಲ್ಲಿಗಳಲ್ಲಿ ಆಳೆತ್ತರದ ಕಪಾಟು, ಬೆಂಕಿಪೆಟ್ಟಿಗೆಯಷ್ಟು ಡ್ರಾಯರುಗಳು. ಆರ್ಡುಯಿನೊ ಎಂಬ ನಿಯಂತ್ರಕ ಬೋರ್ಡೂ ಶಾಖ, ತೇವ ಅಳೆಯುವ ನೀಲಿ ಪ್ಲಾಸ್ಟಿಕ್ಕಿನ ಸೆನ್ಸರೂ ಕೇಳಿದೆ. ಅಂಗಡಿಯ ಕಾಕಾ ಎರಡನ್ನೂ ಮುಂದಿಟ್ಟು, ಸೆನ್ಸರಿಗೆ ನಾಲ್ಕೇ ಕಾಲಿರುವುದನ್ನು ನೋಡಿ, ಕೇಳದೆಯೇ ಇನ್ನೊಂದು ಡ್ರಾಯರು ಎಳೆದರು. ಕಂದು, ಕಪ್ಪು, ಕಿತ್ತಳೆ ಪಟ್ಟಿಯ ರೆಸಿಸ್ಟರ್, ಹತ್ತು ಕಿಲೊ ಓಮ್. ಅದನ್ನು ವಿದ್ಯುತ್ತಿನ ಕಾಲಿಗೂ ಮಾಹಿತಿಯ ಕಾಲಿಗೂ ನಡುವೆ ಹಾಕದಿದ್ದರೆ ಅಂಕಿ ತಪ್ಪುತ್ತದೆ ಎಂದು ಮರಾಠಿಯಲ್ಲಿ ತಿಳಿಸಿ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ವರ್ಷ ಬಂದ ಪತ್ರಗಳಲ್ಲಿ ನನಗೆ ಸಿಗದ ವಿದ್ಯೆ ಅದು.

ಅಂದಿನಿಂದ ಹಣ ಕಟ್ಟುವ ಮೊದಲು ಸರ್ಕ್ಯೂಟಿನ ನಕ್ಷೆಯನ್ನೂ ಕೋಡನ್ನೂ ಎಲ್ಲರಿಗೂ ತೆರೆದಿಡುತ್ತಾರೆಯೇ ಎಂದು ನೋಡುತ್ತೇನೆ. ಮನು ಪ್ರಕಾಶ್ ಅವರ ಫೋಲ್ಡ್‌ಸ್ಕೋಪ್ ನನಗೆ ಮೆಚ್ಚುಗೆಯಾದದ್ದು ಇದೇ ಕಾರಣಕ್ಕೆ. ಆ ಕಾಗದದ ಸೂಕ್ಷ್ಮದರ್ಶಕದ ವಿನ್ಯಾಸ 2014ರಲ್ಲೇ ಯಾರು ಬೇಕಾದರೂ ಓದಬಹುದಾದ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಜನರಿಂದ ಹಣ ಕೇಳಿದ್ದು ಆಮೇಲೆ, 2016ರಲ್ಲಿ.

ಪೆಬಲ್ ಕಂಪನಿ 2016ರಲ್ಲೇ ಮುಚ್ಚಿತು. 2018ರಲ್ಲಿ ಅದರ ಸರ್ವರುಗಳು ನಿಂತಾಗ ರೆಬಲ್ ಎಂಬ ಸ್ವಯಂಸೇವಕರ ಗುಂಪು ಆ ಗಡಿಯಾರಗಳನ್ನು ನಡೆಸಿತು, 2025ರ ಜನವರಿಯಲ್ಲಿ ಗೂಗಲ್ ಪೆಬಲ್‌ನ ಮೂಲ ಕೋಡನ್ನು ಬಿಡುಗಡೆ ಮಾಡಿತು. ಕೋಥರೂಡಿನಲ್ಲಿರುವ ಧಾರವಾಡದ ಗೆಳೆಯನೊಬ್ಬ ಪೆಬಲ್‌ಗೆ 2012ರ ಮೊದಲ ಸುತ್ತಿನಲ್ಲೇ ಹಣ ಕಟ್ಟಿದ್ದವನು. ಅವನ ಗಡಿಯಾರದ ಮುಖದ ತುಂಬ ಗೀರು. ಹೋದ ಭಾನುವಾರ ಚಹಾಕ್ಕೆ ಹೋದಾಗ ಮಣಿಕಟ್ಟು ಮುಂದೆ ಚಾಚಿ, “ನೋಡೋ, ಮಗಳು ಮಾಡ್ಯಾಳ” ಎಂದ. ಕಪ್ಪು ಬಿಳುಪಿನ ಆ ಪುಟ್ಟ ಪರದೆಯ ಮೇಲೆ ಕನ್ನಡದ ಅಂಕಿಗಳಲ್ಲಿ ೭:೩೫ ಎಂದಿತ್ತು.