ಮರುಭೂಮಿಯಲ್ಲಿ ಸೈತಾನನೊಡನೆ ಕಾಳಗ

ದೇವರ ಸರ್ವಾಯುಧಗಳನ್ನು ಧರಿಸಿಕೊಂಡು ಸೈತಾನನ ಎದುರು ನಿಲ್ಲಬೇಕೆಂಬ ಬೋಧನೆ ಎಫೆಸದವರಿಗೆ ಬರೆದ ಪತ್ರದಲ್ಲೇ ಇದೆ. ಅದು ದಿನನಿತ್ಯದ ಸಾಧನೆಯಾಗಿ ಬೆಳೆದದ್ದು 4ನೇ ಶತಮಾನದ ಈಜಿಪ್ಟಿನಲ್ಲಿ. ಮರುಭೂಮಿ ದೆವ್ವಗಳ ನೆಲೆ ಎಂದು ಅಲ್ಲಿನವರು ನಂಬಿದ್ದರು. ಸನ್ಯಾಸಿಗಳು ಹುಡುಕಿಕೊಂಡು ಹೋದದ್ದೂ ಅಲ್ಲಿಗೇ.

ಅವರಲ್ಲಿ ಮೊದಲು ಹೆಸರಾದವನು ಸಂತ ಅಂತೋಣಿ. ಅನುಕೂಲಸ್ಥರ ಮನೆಯ ಹುಡುಗ. ತಂದೆತಾಯಿ ತೀರಿಕೊಂಡ ಮೇಲೆ ಜಮೀನನ್ನು ಊರವರಿಗೆ ಬಿಟ್ಟುಕೊಟ್ಟು ಹೊರಟವನು, ಪಾಳುಬಿದ್ದ ಕೋಟೆಯೊಂದರಲ್ಲಿ ಸುಮಾರು 20 ವರ್ಷ ಒಂಟಿಯಾಗಿ ಕಳೆದ. 356ರಲ್ಲಿ ಅವನು ತೀರಿಕೊಂಡ ಬಳಿಕ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಅವನ ಚರಿತ್ರೆ ಬರೆದ. ಅದರಲ್ಲಿ ದೆವ್ವಗಳು ಸಿಂಹ, ಹಾವು, ಚೇಳುಗಳಾಗಿ ಮೇಲೆರಗುತ್ತವೆ. ಯುರೋಪಿನ ಚಿತ್ರಕಾರರು ಮರುಳಾದದ್ದು ಈ ಭಾಗಕ್ಕೆ. ಹೆಚ್ಚು ತೂಕದ್ದು ಮಾತ್ರ ಅಂತೋಣಿಯ ಉಪದೇಶ: ದೆವ್ವಗಳಿಗೆ ಸ್ವಂತ ಬಲವಿಲ್ಲ, ಹೆದರಿದವರ ಹೆದರಿಕೆಯನ್ನೇ ಅವು ಬೆಳೆಸುತ್ತವೆ, ಏನಾದರೂ ಕಾಣಿಸಿಕೊಂಡರೆ ಯಾರು, ಎಲ್ಲಿಂದ ಬಂದದ್ದು ಎಂದು ಧೈರ್ಯವಾಗಿ ವಿಚಾರಿಸಬೇಕು.

ಈ ಅನುಭವವನ್ನು ಶಾಸ್ತ್ರವಾಗಿಸಿದವನು ಪೊಂಟಸಿನ ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನ ಚರ್ಚಿನಲ್ಲಿ ದೊಡ್ಡ ಸ್ಥಾನದಲ್ಲಿದ್ದ ವಿದ್ವಾಂಸ, 383ರ ಸುಮಾರಿಗೆ ನಿಟ್ರಿಯದ ಮರಳುಗಾಡು ಸೇರಿದ. ಅಲ್ಲಿಂದ ಕೆಲ್ಲಿಯ ಎಂಬ ಸನ್ಯಾಸಿಗಳ ನೆಲೆಗೆ ಹೋಗಿ, ಪುಸ್ತಕಗಳ ಪ್ರತಿ ಮಾಡಿ ಹೊಟ್ಟೆ ಹೊರೆಯುತ್ತ 399ರಲ್ಲಿ ಸಾಯುವವರೆಗೂ ಇದ್ದ. ಎಲ್ಲವನ್ನೂ ಬಿಟ್ಟುಬಂದ ಸನ್ಯಾಸಿಯ ಮೇಲೆ ದೆವ್ವ ಯೋಚನೆಗಳ ಮೂಲಕವೇ ದಾಳಿ ಮಾಡುತ್ತದೆ ಎಂದ ಅವನು, ಹೊಟ್ಟೆಬಾಕತನದಿಂದ ಅಹಂಕಾರದವರೆಗೆ ಅಂಥ ಎಂಟು ಬಗೆಯ ಯೋಚನೆಗಳನ್ನು ಗುರುತಿಸಿದ.

ಎಂಟರಲ್ಲಿ ಅತಿ ಕಠಿಣವಾದದ್ದು ನಡುಹಗಲಿನ ದೆವ್ವ, ಅಂದರೆ ಬೇಸರ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಹೊತ್ತು ಸರಿಯುವುದೇ ಇಲ್ಲ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಊಟಕ್ಕೆ ಇನ್ನೆಷ್ಟು ಹೊತ್ತೆಂದು ಹೊರಗೆ ಬಂದು ಸೂರ್ಯನನ್ನು ಅಳೆಯುತ್ತಾನೆ, ಬಿಟ್ಟುಬಂದ ಮನೆಯವರನ್ನು ನೆನೆಯುತ್ತಾನೆ. ಇವಾಗ್ರಿಯಸನ ಮದ್ದು ಸರಳ: ಕೋಣೆ ಬಿಟ್ಟು ಕದಲಬಾರದು. ಹಗ್ಗ ಹೊಸೆಯುವುದು, ಎದ್ದು ಪ್ರಾರ್ಥಿಸುವುದು, ಮತ್ತೆ ಕೂತು ಹೊಸೆಯುವುದು ಅಲ್ಲಿನ ರೂಢಿ. ಸಿಂಹವನ್ನು ಎದುರಿಸುವುದಕ್ಕಿಂತ ಇದಕ್ಕೇ ಹೆಚ್ಚು ಗಟ್ಟಿತನ ಬೇಕಿತ್ತು.

ಯೇಸು ಅಡವಿಯಲ್ಲಿ ಸೈತಾನನಿಗೆ ಶಾಸ್ತ್ರವಚನಗಳಿಂದ ಉತ್ತರಿಸಿದ ಮಾದರಿಯಲ್ಲಿ, ಸುಮಾರು 500 ದುಷ್ಟ ಯೋಚನೆಗಳಿಗೆ ಎದುರುತ್ತರವಾಗುವ ಬೈಬಲ್ ವಚನಗಳನ್ನು ಇವಾಗ್ರಿಯಸ್ 'ಆಂಟಿರ್ಹೆಟಿಕೋಸ್' ಎಂಬ ಕೃತಿಯಲ್ಲಿ ಜೋಡಿಸಿಟ್ಟ. ಎಂಟು ಯೋಚನೆಗಳ ಪಟ್ಟಿಯನ್ನು ಜಾನ್ ಕಾಸಿಯನ್ ಎಂಬ ಸನ್ಯಾಸಿ ಪಶ್ಚಿಮಕ್ಕೆ ಒಯ್ದ. 6ನೇ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಅದನ್ನು ತಿದ್ದಿದ್ದರಿಂದ ಏಳು ಪಾಪಗಳ ಪಟ್ಟಿ ಹುಟ್ಟಿತು. ಇವಾಗ್ರಿಯಸನ ದೈವಶಾಸ್ತ್ರಕ್ಕೆ ಮಾತ್ರ 553ರ ಹೊತ್ತಿಗೆ ಪಾಷಂಡದ ಹಣೆಪಟ್ಟಿ ಬಿತ್ತು. 'ಆಂಟಿರ್ಹೆಟಿಕೋಸ್'ನ ಗ್ರೀಕ್ ಮೂಲ ಕಳೆದುಹೋಗಿದ್ದು, ಸಿರಿಯಾಕ್ ಮತ್ತು ಆರ್ಮೇನಿಯನ್ ಅನುವಾದಗಳಲ್ಲಿ ಅದು ಉಳಿದಿದೆ.