ತಾಯಿಯ ತೋಳೂ ಆಸ್ಪತ್ರೆಯ ಲೆಕ್ಕವೂ

ಮನೆಯ ಪುಟ್ಟ ಮಗುವಿಗೆ ಸಣ್ಣದೊಂದು ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದರೆನ್ನಿ. ಆಗ ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ಮಗುವಿಗೆ ಚೆನ್ನಾಗಿ ಗುಣವಾದೀತೆ? ಖರ್ಚು ಎಷ್ಟಾದೀತು? ಒಳ್ಳೆಯ ಆರೈಕೆ ಬೇಕಾದರೆ ಹೆಚ್ಚು ಹಣ ತೆರಲೇಬೇಕು, ಹಣ ಉಳಿಸಹೊರಟರೆ ಆರೈಕೆ ಕುಂದಲೇಬೇಕು ಎಂಬುದು ನಮ್ಮೆಲ್ಲರ ಎಣಿಕೆ. ಈ ಎಣಿಕೆ ಎಲ್ಲ ಸಂದರ್ಭಗಳಲ್ಲಿಯೂ ಸರಿಯಲ್ಲವೆಂದು ನೂರು ವರ್ಷಗಳಿಗೂ ಹಿಂದೆಯೇ ಒಬ್ಬ ಶಸ್ತ್ರವೈದ್ಯರು ಲೆಕ್ಕವಿಟ್ಟು ತೋರಿಸಿದರು. ಅವರ ಹೆಸರು ಜೇಮ್ಸ್ ನಿಕೋಲ್. ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ.

ಆ ಕಾಲದ ಗ್ಲಾಸ್ಗೋ ಹಡಗು ಕಟ್ಟುವವರ, ಕೂಲಿಕಾರರ ನಗರ. ಬಡವರು ಇಕ್ಕಟ್ಟಾದ ಮನೆಗಳಲ್ಲಿ ತುಂಬಿಕೊಂಡಿದ್ದರು. ಅಲ್ಲಿನ ಮಕ್ಕಳ ಆಸ್ಪತ್ರೆಗೆ ಸೇರಿದ ಒಂದು ಹೊರರೋಗಿ ಚಿಕಿತ್ಸಾಲಯ 1888ರಲ್ಲಿ ಆರಂಭವಾಗಿತ್ತು. ನಿಕೋಲರು ಕೆಲಸ ಮಾಡುತ್ತಿದ್ದುದು ಇಲ್ಲಿಯೇ. ಸೀಳುತುಟಿ, ಅಂಡವಾಯು, ತಿರುಚಿದ ಪಾದ, ಕಿವಿಯ ಹಿಂದಿನ ಎಲುಬಿನ ಕೀವು - ಇಂಥ ತೊಂದರೆಗಳ ಮಕ್ಕಳಿಗೆ ಅವರು ಶಸ್ತ್ರಚಿಕಿತ್ಸೆ ಮಾಡಿ, ಗಾಯವನ್ನು ಭದ್ರವಾಗಿ ಮುಚ್ಚಿ, ಅದೇ ದಿನ ತಾಯಿಯ ತೋಳಿಗೆ ಒಪ್ಪಿಸಿ ಮನೆಗೆ ಕಳುಹಿಸಿಬಿಡುತ್ತಿದ್ದರು. ಶಸ್ತ್ರಚಿಕಿತ್ಸೆಯಾದ ಮೇಲೆ ದಿನಗಟ್ಟಲೆ ಹಾಸಿಗೆ ಬಿಡಬಾರದೆಂದು ವೈದ್ಯರೆಲ್ಲ ನಂಬಿದ್ದ ಕಾಲದಲ್ಲಿ ಇದು ಎಷ್ಟು ದಿಟ್ಟತನದ ಕೆಲಸವೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

1909ರಲ್ಲಿ ಬ್ರಿಟಿಷ್ ವೈದ್ಯಸಂಘದ ಸಭೆ ಬೆಲ್‌ಫಾಸ್ಟಿನಲ್ಲಿ ಸೇರಿದಾಗ ನಿಕೋಲರು ತಮ್ಮ ಹತ್ತು ವರ್ಷಗಳ ಲೆಕ್ಕವನ್ನು ಮುಂದಿಟ್ಟರು. ಒಟ್ಟು 8,988 ಶಸ್ತ್ರಚಿಕಿತ್ಸೆಗಳು. ಆ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೂರು ವರ್ಷಕ್ಕಿಂತ ಚಿಕ್ಕವರು. ಆಸ್ಪತ್ರೆಯೊಳಗೆ ಮಲಗಿಸಿಕೊಂಡು ಮಾಡುವ ಚಿಕಿತ್ಸೆಗೂ ಇದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲ, ವೆಚ್ಚವಾದರೋ ಹತ್ತನೆಯ ಒಂದು ಪಾಲು ಎಂಬುದು ಅವರ ವಾದ. ಹಾಲು ಕುಡಿಯುವ ಕೂಸನ್ನು ತಾಯಿಯಿಂದ ಅಗಲಿಸುವುದೇ ಅನೇಕ ವೇಳೆ ಹಾನಿಕರ. ಗಾಯವಾದ ಮಗು ಆಸ್ಪತ್ರೆಯ ಮಂಚಕ್ಕಿಂತ ತಾಯಿಯ ತೋಳಿನಲ್ಲಿಯೇ ಅಲುಗದೆ ಮಲಗುತ್ತದೆ ಎಂದೂ ಅವರು ಹೇಳಿದರು.

ಇಲ್ಲೊಂದು ಮಾತನ್ನು ಗಮನಿಸಬೇಕು. ನಿಕೋಲರು ಮಗುವನ್ನು ಮನೆಗೆ ಕಳುಹಿಸಿ ಕೈತೊಳೆದುಕೊಳ್ಳಲಿಲ್ಲ. ಚಿಕಿತ್ಸಾಲಯದ ದಾದಿಯರು ಮನೆಮನೆಗೆ ಹೋಗಿ ಗಾಯವನ್ನು ನೋಡಿಬರುತ್ತಿದ್ದರು. ಮನೆಗೆ ಒಯ್ಯಲಾಗದ ಕೂಸುಗಳಿದ್ದರೆ ತಾಯಿಯೂ ಮಗುವೂ ಜೊತೆಯಲ್ಲಿ ತಂಗಲು ಆಸ್ಪತ್ರೆಯ ಹತ್ತಿರವೇ ಒಂದು ಪುಟ್ಟ ಮನೆಯ ಏರ್ಪಾಡಿತ್ತು. ಹಣ ಉಳಿದದ್ದು ಆರೈಕೆಯನ್ನು ಕತ್ತರಿಸಿದ್ದರಿಂದಲ್ಲ, ಆರೈಕೆಯನ್ನು ಸರಿಯಾದ ಕೈಗೆ ಒಪ್ಪಿಸಿ ಅದರ ಮೇಲೆ ಕಣ್ಣಿಟ್ಟದ್ದರಿಂದ.

ಇಷ್ಟು ಸ್ಪಷ್ಟವಾದ ಲೆಕ್ಕ ಕಣ್ಣೆದುರಿಗಿದ್ದ ಮೇಲೆ ಆಸ್ಪತ್ರೆಗಳೆಲ್ಲ ಕೂಡಲೇ ಬದಲಾದುವೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಹೊರಗಿನವರಿಂದ ರೋಗ ಹರಡುತ್ತದೆ ಎಂಬ ಕಾರಣಗಳನ್ನು ಹೇಳಿ ಬಾಗಿಲು ಮುಚ್ಚುವುದೇ ಪದ್ಧತಿಯಾಗಿ ಉಳಿಯಿತು. 1949ರಷ್ಟು ಈಚೆಗೂ ಲಂಡನ್ನಿನ ಹೆಸರಾಂತ ಆಸ್ಪತ್ರೆಯೊಂದರಲ್ಲಿ ಮೊದಲ ಒಂದು ತಿಂಗಳು ತಂದೆತಾಯಿಗಳಿಗೆ ಭೇಟಿಯೇ ಇರಲಿಲ್ಲ; ಸಂಜೆ ಏಳರಿಂದ ಎಂಟರವರೆಗೆ, ಮಲಗಿ ನಿದ್ರಿಸುತ್ತಿರುವ ಮಗುವನ್ನು ನೋಡಿಹೋಗಬಹುದಾಗಿತ್ತು, ಅಷ್ಟೆ.

ಬೇರೆ ದಾರಿ ತುಳಿದವರೂ ಇದ್ದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು 1920ರ ದಶಕದಿಂದಲೇ ಶಿಶುಗಳ ಆಸ್ಪತ್ರೆಯಲ್ಲಿ ತಾಯಂದಿರನ್ನೂ ಉಳಿಸಿಕೊಂಡು, ಮಗುವಿನ ಶುಶ್ರೂಷೆಯನ್ನು ಅವರಿಗೇ ವಹಿಸಿದರು. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಒಂದು ಚಲನಚಿತ್ರವನ್ನೇ ತಯಾರಿಸಿದರು. ಎರಡೂವರೆ ವರ್ಷಕ್ಕೆ ಹತ್ತಿರವಿದ್ದ ಹೆಣ್ಣುಮಗುವೊಂದು ಹೊಕ್ಕುಳಿನ ಅಂಡವಾಯುವಿನ ಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಕತೆ ಅದು. ಮಗು ಅಷ್ಟಾಗಿ ಅಳುವುದಿಲ್ಲ; ಆದರೆ ದಿನದಿಂದ ದಿನಕ್ಕೆ ಅದರ ಮುಖ ಬಾಡುವುದನ್ನೂ, ಕೊನೆಗೆ ತಾಯಿಯ ಕೈಹಿಡಿಯಲೂ ಒಲ್ಲದಾಗುವುದನ್ನೂ ನೋಡುವವರು ಕಂಡರು. ಮೊದಲ ಪ್ರದರ್ಶನದಲ್ಲಿ ವೈದ್ಯರೂ ದಾದಿಯರೂ ಸಿಟ್ಟಾದರು. ನಿಕೋಲರ ಪಟ್ಟಿಯಲ್ಲಿ ಅಂಡವಾಯುವೂ ಇದ್ದುದು ನಿಮ್ಮ ನೆನಪಿನಲ್ಲಿರಬಹುದು. ಸುಮ್ಮನಿರುವ ಮಗು ಸುಖವಾಗಿರುವ ಮಗುವಲ್ಲವೆಂಬುದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಸಮಿತಿ, ತಂದೆತಾಯಿಗಳ ಭೇಟಿಗೆ ನಿರ್ಬಂಧವಿರಬಾರದು, ಚಿಕ್ಕ ಮಕ್ಕಳ ಜೊತೆ ತಾಯಿಯನ್ನೂ ಸೇರಿಸಿಕೊಳ್ಳಬೇಕು ಎಂದು ಬ್ರಿಟನ್ನಿನ ಸರ್ಕಾರಕ್ಕೆ ವರದಿ ಕೊಟ್ಟಿತು. ನಿಕೋಲರು ಮಾತನಾಡಿ ಆಗ ಸರಿಯಾಗಿ ಐವತ್ತು ವರ್ಷ.

ಈ ವಿಷಯ ನಮ್ಮಿಂದ ದೂರದ್ದೇನೂ ಅಲ್ಲ. ತೀರ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳನ್ನು, ಅವುಗಳ ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದೊಡನೆಯೇ ತಾಯಿಯ ಎದೆಗಪ್ಪಿಸಿ ಇಟ್ಟರೆ ಏನಾದೀತೆಂದು ಐದು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಅವುಗಳಲ್ಲಿ ಒಂದು ದೆಹಲಿಯದು. ಮೊದಲ 28 ದಿನಗಳಲ್ಲಿ, ಹಳೆಯ ಕ್ರಮದಲ್ಲಿ ನೂರಕ್ಕೆ 15.7ರಷ್ಟು ಶಿಶುಗಳು ತೀರಿಕೊಂಡರೆ, ತಾಯಿಯ ಎದೆಯ ಮೇಲಿದ್ದವುಗಳಲ್ಲಿ 12ರಷ್ಟು ತೀರಿಕೊಂಡುವು. ಹಾಗೆಂದು ತಾಯಿಯೊಬ್ಬಳಿದ್ದರೆ ಸಾಕೆಂದಲ್ಲ. ಅಲ್ಲಿ ವೈದ್ಯರೂ ದಾದಿಯರೂ ಪಕ್ಕದಲ್ಲಿಯೇ ಇದ್ದರು. ತಾಯಿಗೆ ಮಲಗಲು ಮಂಚವೂ ಇತ್ತು.

ನಮ್ಮ ಊರುಗಳಲ್ಲಿ ತಾಯಂದಿರು ಮಗುವಿನ ಮಂಚದ ಕೆಳಗೆ ಚಾಪೆ ಹಾಸಿಕೊಂಡಾದರೂ ಉಳಿಯುತ್ತಾರೆ. ಅವರನ್ನು ಅಡಚಣೆಯೆಂದು ಎಣಿಸುವುದೋ, ಚಿಕಿತ್ಸೆಯ ಪಾಲುಗಾರರೆಂದು ಎಣಿಸುವುದೋ ಎಂಬುದೇ ಪ್ರಶ್ನೆ. ನಿಮ್ಮ ಮನೆಯ ಮಗುವನ್ನು ಆಸ್ಪತ್ರೆಗೆ ಸೇರಿಸುವ ಸಂದರ್ಭ ಬಾರದಿರಲಿ. ಬಂದರೆ, ಖರ್ಚನ್ನು ವಿಚಾರಿಸುವಾಗಲೇ ಇನ್ನೆರಡು ಮಾತು ಕೇಳಿರಿ. ರಾತ್ರಿ ತಾಯಿ ಜೊತೆಯಲ್ಲಿರಬಹುದೆ? ಬೇಗ ಮನೆಗೆ ಕಳುಹಿಸುವುದಾದರೆ, ಆಮೇಲೆ ಮಗುವನ್ನು ನೋಡಿಕೊಳ್ಳುವ ಏರ್ಪಾಡೇನು?